ಎರಡೂವರೆ ಇಂಚಿನ ಅರ್ಥ

ಊರಿನವರ ಬಾಗಿಲಿಗೆ ಹೆಸರು ಕೊರೆದುಕೊಡುವುದು ನನ್ನ ಕಸುಬು. ಒಂಬತ್ತು ಇಂಚು ಉದ್ದ, ಮೂರು ಇಂಚು ಅಗಲದ ಹಿತ್ತಾಳೆ ಫಲಕ. ಇಪ್ಪತ್ತೆರಡು ವರ್ಷದಿಂದ ಅದೇ ಅಳತೆ. ಎಂಥ ದೊಡ್ಡ ಮನುಷ್ಯನೂ ನನ್ನ ಅಂಗಡಿಗೆ ಬಂದರೆ ಒಂಬತ್ತು ಇಂಚಿನೊಳಗೆ ಹಿಡಿಸಬೇಕು. ಇಷ್ಟು ವರ್ಷದಲ್ಲಿ ನನ್ನ ಮೇಲೆ ಬಂದ ದೂರು ಒಂದೇ, ಹೇಳಿದ ದಿನಕ್ಕೆ ಕೊಡುವುದಿಲ್ಲ ಎಂಬುದು. ಅದನ್ನು ನಾನು ದೂರೆಂದೇ ತಿಳಿದಿಲ್ಲ. ಹೇಳಿದ ದಿನಕ್ಕೇ ಕೊಟ್ಟುಬಿಟ್ಟರೆ ಗಿರಾಕಿಗೆ ಕೆಲಸದ ಮೇಲೆ ಅನುಮಾನ ಬರುತ್ತದೆ.

ನನ್ನ ಅಂಗಡಿಯ ಬಾಗಿಲಿಗೆ ಮಾತ್ರ ಹೆಸರಿರಲಿಲ್ಲ. ಮದುವೆಯಾದ ವರ್ಷ ಹೆಂಡತಿ ಕೇಳಿದ್ದಳು. "ಮುಂದಿನ ವಾರ ಮಾಡ್ತೀನಿ ಕಣೇ" ಅಂದಿದ್ದೆ. ಈಗ ನಮಗೆ ಹದಿನೆಂಟು ವರ್ಷದ ಮಗಳಿದ್ದಾಳೆ.

ಹೀಗೆ ನೆಮ್ಮದಿಯಾಗಿದ್ದ ನಾನು ನಾನಾ ಭಾಷೆಗಳ ಪಂಡಿತನಾದದ್ದು ಒಂದು ಗೀರಿನಿಂದ.

ಹುಡುಗಿಯರ ಶಾಲೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ಹೆಡ್ ಮಿಸ್ ತಮ್ಮ ಮನೆ ಬಾಗಿಲಿಗೆ ಒಂದು ಫಲಕ ಹೇಳಿದ್ದರು. ಹೆಸರು ಎರಡೇ ಅಕ್ಷರ. ಸೋಮವಾರ ಕೊಡುತ್ತೇನೆ ಎಂದಿದ್ದೆ. ಸೋಮವಾರ ಬಂದರು, ಮಂಗಳವಾರ ಬಂದರು, ಬುಧವಾರವೂ ಬಂದರು. ಗುರುವಾರ ಬಂದವರು ಗೋಡೆಯ ಗಡಿಯಾರ ನೋಡಿದರು.

"ಎದುರಿಗೆ ಹೋಗಿ ಒಂದು ಕಪ್ ಚಹಾ ಕುಡಿದು ಬರ್ತೀನಿ. ಹತ್ತು ನಿಮಿಷ. ಅಷ್ಟರಲ್ಲಿ ಆಗಿರಬೇಕು" ಎಂದರು.

ಇಡೀ ಊರಿನ ಅರ್ಧದಷ್ಟು ಹೆಂಗಸರನ್ನು ಬೆಂಚಿನ ಮೇಲೆ ನಿಲ್ಲಿಸಿದ ದನಿ ಅದು. ನಾನು ಯಂತ್ರದ ಮುಂದೆ ಕೂತೆ. ನನ್ನ ಯಂತ್ರಕ್ಕೆ ಎರಡು ಮುಳ್ಳು. ಒಂದನ್ನು ಅಚ್ಚಿನ ಅಕ್ಷರದ ಮೇಲೆ ಓಡಿಸಿದರೆ ಇನ್ನೊಂದು ಅದನ್ನೇ ಹಿತ್ತಾಳೆಯ ಮೇಲೆ ಕೊರೆಯುತ್ತದೆ. ಹತ್ತು ನಿಮಿಷದ ಕೆಲಸವನ್ನು ನಿಜವಾಗಿಯೂ ಹತ್ತು ನಿಮಿಷದಲ್ಲಿ ಮಾಡಬೇಕಾಗಿ ಬಂದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಹೆಸರೇನೋ ಚೆನ್ನಾಗಿ ಬಂತು. ಎರಡನೆಯ ಅಕ್ಷರ ಮುಗಿಸಿ ಉಸಿರು ಬಿಡುವಾಗ ಕೈ ಜಾರಿತು. ಹೆಸರಿನ ಕೆಳಗೆ ಎರಡೂವರೆ ಇಂಚು ಉದ್ದದ ಗೀರು ಬಿತ್ತು.

ಸಿದ್ಧವಿದ್ದದ್ದು ಅದೊಂದೇ ಫಲಕ. ಹೆಡ್ ಮಿಸ್ ರಸ್ತೆಯ ಆಚೆ ಲೋಟ ಕೆಳಗಿಡುವುದು ಕಾಣಿಸಿತು. ಗೀರನ್ನು ಮುಚ್ಚಲು ಅದರ ಮೇಲೆ ಸಣ್ಣ ಅಕ್ಷರದಲ್ಲಿ ಏನನ್ನಾದರೂ ಕೊರೆಯಬೇಕಾಗಿತ್ತು. ಎರಡೂವರೆ ಇಂಚಿಗೆ ಐದು ಅಕ್ಷರ ಬೇಕು. ಸುತ್ತ ನೋಡಿದೆ. ತಲೆಯ ಮೇಲೆ ಬಲ್ಬಿತ್ತು. ಅದರ ಸ್ವಿಚ್ಚು ಕೆಟ್ಟು ಎರಡು ತಿಂಗಳಾಗಿ, ಹಗಲೂ ರಾತ್ರಿ ಉರಿಯುತ್ತಲೇ ಇತ್ತು. "ಆರದ ದೀಪ" ಎಂದು ಕೊರೆದು, ಅಕ್ಷರಗಳ ನಡುವೆ ಇಣುಕುತ್ತಿದ್ದ ಗೀರಿಗೆ ಕಪ್ಪು ಬಣ್ಣ ಬಳಿದು ಒರೆಸುವಷ್ಟರಲ್ಲಿ ಅವರು ಎದುರಿಗೆ ನಿಂತಿದ್ದರು.

"ಇದೇನು ಕೆಳಗೆ?"

"ನಿಮ್ಮ ಹೆಸರಿನ ಅರ್ಥ, ಮಿಸ್."

"ನನ್ನ ಹೆಸರಿಗೆ ಅರ್ಥ ಇದೆಯಾ?"

"ಮರಳುಗಾಡಿನ ಒಂದು ಹಳೇ ಭಾಷೇಲಿ ಇದೆ. ಹುಡುಕೋದಕ್ಕೇ ಮೂರು ದಿನ ಹಿಡೀತು."

ಈ ಕೊನೆಯ ಮಾತನ್ನು ನನ್ನ ನಾಲಿಗೆಗೆ ಯಾರು ತಂದಿಟ್ಟರೋ ಗೊತ್ತಿಲ್ಲ. ಒಂದೇ ಏಟಿಗೆ ಗೀರೂ ಮುಚ್ಚಿತು, ಮೂರು ದಿನದ ತಡವೂ ಮುಚ್ಚಿತು. ಇನ್ನು ಬೈಗುಳ ತಪ್ಪಿತು ಎಂದು ತಲೆ ಎತ್ತಿದರೆ ಹೆಡ್ ಮಿಸ್ ಕನ್ನಡಕ ತೆಗೆದು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಇದು ನಮ್ಮ ಸೋದರತ್ತೆ ಹೆಸರು. ಮನೇಲಿ ಯಾರಿಗೂ ಬೇಡವಾದ ಹೆಂಗಸು ಆಕೆ. ನನ್ನ ಹೆಸರು ಹಿಡಿದು ಕೂಗುವಾಗ್ಲೆಲ್ಲ ನಮ್ಮಮ್ಮ ಮುಖ ಸಿಂಡರಿಸ್ತಿದ್ಲು. ಶಾಲೇಲಿ ನಾನು ಎಲ್ಲಾ ಕಡೆ ಬರೀ 'ಮುಖ್ಯೋಪಾಧ್ಯಾಯಿನಿ' ಅಂತಲೇ ರುಜು ಹಾಕಿ ಕಾಲ ಕಳೆದೆ. ಈಗ ಹಾಗೆ ಹಾಕೋ ಹಾಗಿಲ್ಲ. ಅದಕ್ಕೇ ಈ ಫಲಕ" ಎಂದರು. ಆಮೇಲೆ, "ತುಂಬ ಉಪಕಾರ ಆಯ್ತು" ಎಂದು ಫಲಕವನ್ನು ಎದೆಗವಚಿಕೊಂಡು ಹೊರಟುಹೋದರು.

ನಾನು ಇಂಗು ತಿಂದ ಮಂಗನ ಹಾಗೆ ಕೂತಿದ್ದೆ. ಬಲ್ಬು ಉರಿಯುತ್ತಿತ್ತು.

ವಿಷಯ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ನನ್ನ ಪಕ್ಕದಂಗಡಿ ಟೈಲರ್‌ನದು. ನಮ್ಮಿಬ್ಬರ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ. ಬಾಯಲ್ಲಿ ಗುಂಡುಸೂಜಿ ಇರುವಷ್ಟು ಹೊತ್ತು ಮಾತ್ರ ಸುಮ್ಮನಿರುವ ಮನುಷ್ಯ ಆತ. ಸೂಜಿ ತೆಗೆದವನೇ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಸುದ್ದಿ ಹಬ್ಬಿಸಿದ. ಮಾರನೆಯ ಬೆಳಗ್ಗೆ ನನ್ನ ಅಂಗಡಿಯ ಮುಂದೆ ಏಳು ಜನ ನಿಂತಿದ್ದರು. ಎಲ್ಲರಿಗೂ ಫಲಕ ಬೇಕು, ಅರ್ಥದ ಸಮೇತ ಬೇಕು.

ಮೊದಲ ದಿನ ನನಗೆ ಅಳುಕಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಎರಡನೆಯ ದಿನ ಇರಲಿಲ್ಲ. ಮೂರನೆಯ ದಿನಕ್ಕೆ ಈ ವಿದ್ಯೆಯ ಮೂಲಸೂತ್ರವೇ ನನಗೆ ಹೊಳೆದಿತ್ತು. ಹೆಸರು ಚಿಕ್ಕದಾದರೆ ಫಲಕದಲ್ಲಿ ಜಾಗ ಹೆಚ್ಚು ಉಳಿಯುತ್ತದೆ, ಆದ್ದರಿಂದ ಅರ್ಥ ಉದ್ದವಿರಬೇಕು. ಹೆಸರು ಉದ್ದವಾದರೆ ಜಾಗವಿಲ್ಲ, ಅರ್ಥ ಚಿಕ್ಕದಿರಬೇಕು. ಲೋಕದಲ್ಲಿ ಎಷ್ಟು ಭಾಷೆಗಳಿದ್ದರೂ ಎಲ್ಲವೂ ಈ ಸೂತ್ರಕ್ಕೆ ತಲೆಬಾಗಿದವು. ಎರಡಕ್ಷರದ ಅಂಚೆಯವನ ಹೆಸರಿಗೆ ಹಿಮದ ನಾಡಿನ ಭಾಷೆಯಲ್ಲಿ "ಬೆಟ್ಟದಾಚೆಯಿಂದ ಬರುವ ಒಳ್ಳೆಯ ಸುದ್ದಿ" ಎಂಬ ಅರ್ಥ ಬಂತು. ಅಂದಿನಿಂದ ಆತ ಕೋರ್ಟು ನೋಟೀಸನ್ನೂ ನಗುನಗುತ್ತಾ ಕೊಟ್ಟು, ಕೈ ಕುಲುಕಿ ಹೋಗತೊಡಗಿದ.

ಟೈಲರ್‌ನ ಹೆಸರು ಅವನ ಅಜ್ಜನ ಹೆಸರು, ಮನೆತನದ ಹೆಸರು ಎಲ್ಲ ಸೇರಿ ಹದಿನಾರು ಅಕ್ಷರ. ಮೂಲೆಯಲ್ಲಿ ಉಳಿದದ್ದು ಎರಡಕ್ಷರದ ಜಾಗ. "ಹುಲಿ" ಎಂದು ಹಾಕಿದೆ. ಅದುವರೆಗೆ ಗಿರಾಕಿ ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದ ಮನುಷ್ಯ ಮರುದಿನದಿಂದ ಕೂತಲ್ಲೇ ಅಳತೆ ತೆಗೆದುಕೊಳ್ಳಲು ಶುರುಮಾಡಿದ. ಗಿರಾಕಿಗಳೇ ಬಗ್ಗಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ಗೆಲುವು ಹಲ್ಲಿನ ಡಾಕ್ಟರದು. ಹೆಸರು, ಅದರ ಹಿಂದೆ ಮೂರು ಡಿಗ್ರಿ, ಮುಂದೆ ಎರಡು ಇನಿಶಿಯಲ್. ಅವರಿಗೂ ಎರಡೇ ಅಕ್ಷರ ಹಿಡಿಸುತ್ತಿತ್ತು. ನನಗೆ ಆ ಹೊತ್ತಿಗೆ ಬೇರೇನೂ ತೋಚದೆ "ಹಲ್ಲು" ಎಂದು ಕೊರೆದುಬಿಟ್ಟೆ. ಯಾವುದೋ ದ್ವೀಪದ ಭಾಷೆ ಎಂದೆ. ಡಾಕ್ಟರು ಫಲಕವನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು.

"ನನಗೆ ಹೆಸರಿಟ್ಟಾಗ ನನ್ನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ನಮ್ಮ ತಂದೆಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದರು.

"ಹಿರಿಯರಿಗೆ ಗೊತ್ತಿರುತ್ತೆ ಸಾರ್" ಎಂದೆ.

ಅವರು ನನ್ನ ಎರಡು ಕೈಯನ್ನೂ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದರು. ಊರವರೆಲ್ಲ ಹೀಗೆ ನನಗೆ ಕೃತಜ್ಞರಾಗಿ ಹೋಗುತ್ತಿದ್ದರೆ ಮನೆಯಲ್ಲಿ ಒಬ್ಬಳಿಗೆ ಮಾತ್ರ ನನ್ನ ಪಾಂಡಿತ್ಯದ ಮೇಲೆ ನಂಬಿಕೆ ಹುಟ್ಟಲಿಲ್ಲ.

"ಏನ್ರೀ, ನಿಮಗೆ ಬರೋದು ಒಂದೂವರೆ ಭಾಷೆ. ಅದರಲ್ಲಿ ಅರ್ಧ ನನ್ನ ಹತ್ತಿರ ಕಲ್ತಿದ್ದು. ಈ ದ್ವೀಪಕ್ಕೆಲ್ಲ ಯಾವಾಗ ಹೋಗಿದ್ರಿ?" ಎಂದು ಹೆಂಡತಿ ಕೇಳಿದಳು.

"ಓದಿದ್ದು ಕಣೇ."

"ನೀವು ಹಾಲಿನ ಪ್ಯಾಕೆಟ್ ಮೇಲೆ ಬರೆದಿರೋ ತಾರೀಖೇ ಓದಲ್ಲ" ಎಂದು ಹೇಳಿ ಒಳಗೆ ಹೋದಳು.

ಮೊದಲ ಪೆಟ್ಟು ಬಿದ್ದದ್ದು ಒಂದು ಮದುವೆಯ ಮಾತುಕತೆಯ ಮೇಲೆ. ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಬೇರೆ ಬೇರೆ ದಿನ ಬಂದು ಫಲಕ ಮಾಡಿಸಿಕೊಂಡು ಹೋಗಿದ್ದರು. ಹುಡುಗಿಯ ಹೆಸರಿಗೆ ನಾನು ಕೊಟ್ಟಿದ್ದು "ಬೆಂಕಿ", ಹುಡುಗನ ಹೆಸರಿಗೆ "ಹತ್ತಿ". ಎರಡು ಕಡೆಯ ಹಿರಿಯರೂ ಎರಡು ಫಲಕ ಹಿಡಿದು ಒಟ್ಟಿಗೆ ನನ್ನ ಅಂಗಡಿಗೆ ಬಂದರು. ಹುಡುಗ ಹುಡುಗಿ ಹಿಂದೆ ನಿಂತು ನನ್ನನ್ನು ಕೊಲ್ಲುವಂತೆ ನೋಡುತ್ತಿದ್ದರು.

"ಈಗ ನೀವೇ ಹೇಳಿ, ಮುಂದುವರಿಯೋದಾ ಬೇಡ್ವಾ?" ಎಂದರು ಹುಡುಗನ ತಾತ.

ನಾನು ಫಲಕವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಪುಣ್ಯಕ್ಕೆ "ಹತ್ತಿ"ಯ ಎಡಕ್ಕೆ ಸ್ವಲ್ಪ ಜಾಗವಿತ್ತು.

"ಕೊರೆಯುವಾಗ ಒಂದು ಪದ ಬಿಟ್ಟುಹೋಗಿದೆ" ಎಂದು ಅಲ್ಲಿ "ಒದ್ದೆ" ಎಂದು ಸೇರಿಸಿಕೊಟ್ಟೆ. ಒದ್ದೆ ಹತ್ತಿಗೆ ಬೆಂಕಿ ಹತ್ತುವುದಿಲ್ಲ ಎಂದು ಎರಡು ಕಡೆಯವರೂ ಒಪ್ಪಿ, ಉಪಕಾರ ನೆನೆದು ಹೊರಟರು. ಹುಡುಗ ಮಾತ್ರ ಬಾಗಿಲಲ್ಲಿ ತಿರುಗಿ ನೋಡಿದ. ಜೀವನವಿಡೀ ಒದ್ದೆ ಹತ್ತಿಯಾಗಿರಬೇಕಲ್ಲ ಎಂಬ ಸಂಕಟ ಅವನ ಮುಖದಲ್ಲಿತ್ತು.

ಅವರಿಗೆ ಫಲಕದಲ್ಲಿ ಜಾಗವಿತ್ತು. ಇಲ್ಲದವರು ಜನನ ನೋಂದಣಿ ಕಚೇರಿಗೆ ಹೋಗತೊಡಗಿದರು. ಒಬ್ಬರ ಹೆಸರಿಗೆ "ಬೂದಿ" ಎಂಬ ಅರ್ಥ ಬಂದಿದೆ, ಬದಲಾಯಿಸಿಕೊಡಿ. ಇನ್ನೊಬ್ಬರದು "ಕಪ್ಪೆ", ಅರ್ಜೆಂಟಾಗಿ ಬದಲಾಯಿಸಿಕೊಡಿ. ಸಾಕ್ಷಿಗೆಂದು ಬಾಗಿಲಿನ ಫಲಕವನ್ನೇ ಬಿಚ್ಚಿ ತಂದು ಮೇಜಿನ ಮೇಲಿಡುತ್ತಿದ್ದರಂತೆ. ನೋಂದಣಿ ಅಧಿಕಾರಿ ಕಟ್ಟುನಿಟ್ಟಿನ ಮನುಷ್ಯ. ಮುಂದೆ ಈ ಗೊಂದಲವೇ ಬೇಡವೆಂದು ಹುಟ್ಟಿದ ಮಗುವಿನ ಫಾರಂನಲ್ಲಿ ಹೊಸದಾಗಿ ಎರಡು ಕಾಲಂ ಸೇರಿಸಿದರು. ಹೆಸರಿನ ಅರ್ಥ, ಯಾವ ಭಾಷೆ. ಕೆಳಗೆ ವಿಷಯ ತಿಳಿದವರೊಬ್ಬರ ಸಹಿ.

ಒಂದು ದಿನ ನನಗೆ ಕಚೇರಿಯಿಂದ ಕಾಗದ ಬಂತು. "ಹೆಸರುಗಳ ಅರ್ಥ ಬಲ್ಲ ತಜ್ಞರಿಗೆ" ಎಂದು ಶುರುವಾಗಿತ್ತು. ಹೊಸ ಫಾರಂನ ಮೊದಲ ಅರ್ಜಿ ಬಂದಿದೆ, ಖುದ್ದು ಬಂದು ಸಹಿ ಹಾಕಬೇಕು ಎಂದಿತ್ತು. ಅರ್ಜಿ ಹೆಡ್ ಮಿಸ್ ಅವರ ಮೊಮ್ಮಗಳದು, ಹೆಸರು ಅಜ್ಜಿಯದೇ.

ವಿಷಯ ಟೈಲರ್‌ಗೆ ಆಗಲೇ ಗೊತ್ತಿತ್ತು. "ಸೊಸೆ ಆ ಹೆಸರು ಬೇಡವೇ ಬೇಡ ಅಂತಿದ್ಲಂತೆ. ಹಳೇ ಪೆಟ್ಟಿಗೇಲಿ ಬಿದ್ದಿದ್ದ ಹೆಸರಿದ್ದ ಹಾಗಿದೆ ಅಂತ. ಬಾಗಿಲ ಮೇಲೆ ನಿಮ್ಮ ಅರ್ಥ ನೋಡಿದ ಮೇಲೆ ಒಪ್ಕೊಂಡಳಂತೆ. ಹೆಡ್ ಮಿಸ್ ಎಂಟು ದಿನದಿಂದ ನೆಲದ ಮೇಲೆ ಕಾಲಿಟ್ಟಿಲ್ಲ. ಎಲ್ಲಾ ನಿಮ್ಮ ದಯೆ" ಎಂದ.

ಹಿತ್ತಾಳೆಯ ಮೇಲೆ ಏನು ಬೇಕಾದರೂ ಕೊರೆಯಬಹುದು. ಸರಕಾರಿ ಕಾಗದದ ಮೇಲೆ ಸುಳ್ಳಿಗೆ ಸಹಿ ಹಾಕುವುದು ಬೇರೆ ಮಾತು. ಹಾಕದೆ ನಿಜ ಹೇಳಿದರೆ ಆ ಹೆಂಗಸಿಗೆ ಹೆಸರೂ ಹೋಯಿತು, ಮೊಮ್ಮಗಳ ಹೆಸರೂ ಹೋಯಿತು. ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಎದ್ದು ನನ್ನ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿದಳು.

"ನಿಜ ಹೇಳಿಬಿಡಿ. ಬೈಸಿಕೊಳ್ಳೋವಾಗ ಬಟ್ಟೆಯಾದ್ರೂ ನೆಟ್ಟಗಿರಲಿ" ಎಂದಳು.

ನೋಂದಣಿ ಕಚೇರಿಯಲ್ಲಿ ಪೆನ್ನಿಗೂ ದಾರ, ಅಳತೆಪಟ್ಟಿಗೂ ದಾರ. ಅಧಿಕಾರಿಯ ಮೇಜಿನ ಒಂದು ಬದಿಯಲ್ಲಿ ನನ್ನ ಎಂಟು ಫಲಕಗಳು ಸಾಲಾಗಿ ಮಲಗಿದ್ದವು. ಎದುರು ಕುರ್ಚಿಯಲ್ಲಿ ಹೆಡ್ ಮಿಸ್, ಅವರ ಪಕ್ಕದಲ್ಲಿ ಸೊಸೆ, ಸೊಸೆಯ ತೊಡೆಯ ಮೇಲೆ ಮುಷ್ಟಿ ಬಿಗಿದುಕೊಂಡು ನಿದ್ದೆ ಮಾಡುತ್ತಿದ್ದ ಇಪ್ಪತ್ತು ದಿನದ ಕೂಸು. ಹೆಡ್ ಮಿಸ್ ತಮ್ಮ ಫಲಕವನ್ನೂ ತಂದಿದ್ದರು. ಅದು ಉಳಿದ ಎಂಟಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಕರೆಯದಿದ್ದರೂ ಬಂದಿದ್ದ ಟೈಲರ್ ಬಾಗಿಲಲ್ಲಿ ಹುಲಿಯ ಹಾಗೆ ನಿಂತಿದ್ದ.

ಅಧಿಕಾರಿ ಫಾರಂ ನನ್ನ ಕಡೆ ತಳ್ಳಿದರು. "ಅರ್ಥ: ಆರದ ದೀಪ. ಭಾಷೆ: ಮರಳುಗಾಡಿನ ಹಳೆಯ ಭಾಷೆ. ಇಲ್ಲಿ ಸಹಿ ಹಾಕಿ."

ನಾನು ಪೆನ್ನು ಹಿಡಿದೆ. ದಾರ ಗಿಡ್ಡವಾಗಿತ್ತು, ಸಹಿಯ ಜಾಗಕ್ಕೆ ಎಟುಕಲಿಲ್ಲ. ಅದು ಎಟುಕಿದ್ದರೆ ನಾನು ಏನು ಮಾಡುತ್ತಿದ್ದೆನೋ ಇಂದಿಗೂ ಹೇಳಲಾರೆ.

"ಅದಕ್ಕೆ ಮೊದಲು ಒಂದು ಅನುಮಾನ" ಎಂದು ಅಧಿಕಾರಿ ಅಳತೆಪಟ್ಟಿ ಎತ್ತಿಕೊಂಡರು. "ನಾನು ಕೆಲಸವಿಲ್ಲದಾಗ ಈ ಫಲಕಗಳನ್ನ ಅಳೆದು ನೋಡಿದೆ. ಹೆಸರು ಎಲ್ಲಿ ಉದ್ದವೋ ಅಲ್ಲಿ ಅರ್ಥ ಚಿಕ್ಕದು. ಹೆಸರು ಎಲ್ಲಿ ಚಿಕ್ಕದೋ ಅಲ್ಲಿ ಅರ್ಥ ಉದ್ದ. ಎಂಟಕ್ಕೆ ಎಂಟೂ ಹಾಗೇ. ಎಂಟು ಭಾಷೆಯವರು ಸೇರಿ ಮಾತಾಡಿಕೊಂಡಿದ್ದರೇನ್ರೀ?"

ಮೇಲೆ ಫ್ಯಾನು ತಿರುಗುತ್ತಿತ್ತು. ನನ್ನ ಇಸ್ತ್ರಿಯ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು.

"ಇಲ್ಲ ಸಾರ್. ಫಲಕದಲ್ಲಿ ಎಷ್ಟು ಜಾಗ ಉಳಿಯುತ್ತೋ ಅಷ್ಟು ಅರ್ಥ ಕೊಡ್ತಿದ್ದೆ. ನನಗೆ ಯಾವ ಭಾಷೇನೂ ಬರಲ್ಲ" ಎಂದೆ.

"ಇದು ದೊಡ್ಡವರ ವಿನಯ" ಎಂದ ಟೈಲರ್.

"ವಿನಯ ಅಲ್ಲ ಮಾರಾಯಾ. ಸುಳ್ಳು. ನೀನು ಹುಲಿ ಅಲ್ಲ. ಮೂಲೇಲಿ ಎರಡೇ ಅಕ್ಷರ ಹಿಡಿಸ್ತಿತ್ತು."

ಟೈಲರ್ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ನಾನು ಹೆಡ್ ಮಿಸ್ ಕಡೆ ತಿರುಗಿದೆ. ಅವರನ್ನು ನೋಡಿ ಹೇಳುವ ಧೈರ್ಯ ಬಾರದೆ ಕೂಸಿನ ಮುಷ್ಟಿ ನೋಡುತ್ತಾ ಹೇಳಿದೆ.

"ಮಿಸ್, ನಿಮ್ಮದರಲ್ಲಿ ಜಾಗಾನೂ ಅಲ್ಲ. ಅವತ್ತು ಕೈ ಜಾರಿ ಎರಡೂವರೆ ಇಂಚು ಗೀರು ಬಿತ್ತು. ಅದನ್ನ ಮುಚ್ಚೋಕೆ ಐದಕ್ಷರ ಬೇಕಾಗಿತ್ತು. ನಮ್ಮಂಗಡಿ ಬಲ್ಬು ನೋಡ್ಕೊಂಡು ಬರೆದೆ. ತಪ್ಪಾಯ್ತು."

ಸೊಸೆ ಅತ್ತೆಯ ಕಡೆ ನೋಡಿದಳು. ಅಧಿಕಾರಿ ಅಳತೆಪಟ್ಟಿ ಕೆಳಗಿಟ್ಟರು. ಹೆಡ್ ಮಿಸ್ ತಮ್ಮ ಫಲಕವನ್ನು ಎತ್ತಿಕೊಂಡು ಅರ್ಥದ ಸಾಲಿನ ಮೇಲೆ ಹೆಬ್ಬೆರಳು ಆಡಿಸಿದರು.

"ಗೀರು ಗೊತ್ತು" ಎಂದರು. "ದಿನಾ ಬೆಳಿಗ್ಗೆ ಇದನ್ನ ಒರೆಸ್ತೀನಿ. ಮೊದಲನೇ ದಿನಾನೇ ಬೆರಳಿಗೆ ಸಿಕ್ತು. ಮೂವತ್ತೈದು ವರ್ಷ ಮಕ್ಕಳ ಕಾಪಿ ಪುಸ್ತಕ ನೋಡಿದೋಳು ನಾನು. ತಪ್ಪನ್ನ ಮುಚ್ಚಿ ಮೇಲೆ ಅಂದವಾಗಿ ಬರೆದಿದ್ದು ನನಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ ಮಿಸ್?"

"ಯಾಕೆ ಹೇಳಲಿ? ನನ್ನ ಹೆಸರಿನ ಬಗ್ಗೆ ಸುಳ್ಳಿಗಾದ್ರೂ ಒಂದು ಒಳ್ಳೇ ಮಾತು ಆಡಿದವರು ನೀವೊಬ್ರೇ. ಅರವತ್ತೆರಡು ವರ್ಷದಲ್ಲಿ." ಆಮೇಲೆ ಸೊಸೆಯ ಕಡೆ ತಿರುಗಿದರು. "ನಿನಗೆ ಮೊದಲೇ ಹೇಳಬೇಕಿತ್ತು ಕಣಮ್ಮ. ಆಸೆ ಬಿಡಲಿಲ್ಲ. ಮಗೂಗೆ ಈ ಹೆಸರು ಬೇಡ ಬಿಡು. ನಿನಗೆ ಇಷ್ಟವಾದದ್ದು ಇಡು."

ಅವರು ಫಲಕವನ್ನು ಚೀಲದೊಳಗೆ ಹಾಕಿಕೊಂಡರು. ಅದನ್ನು ನೋಡುವುದಕ್ಕಿಂತ ಒಂದು ಡಜನ್ ಬೈಗುಳ ತಿನ್ನುವುದು ಎಷ್ಟೋ ಮೇಲಾಗಿತ್ತು.

ಸೊಸೆ ಸ್ವಲ್ಪ ಹೊತ್ತು ಕೂಸಿನ ಹೊದಿಕೆ ಸರಿಮಾಡಿದಳು. ಆಮೇಲೆ ಅಧಿಕಾರಿಗೆ, "ಬರ್ಕೊಳ್ಳಿ ಸಾರ್. ಹೆಸರು ಅದೇ" ಎಂದಳು.

"ಏನಮ್ಮಾ, ಈಗ ತಾನೇ..."

"ಇಪ್ಪತ್ತು ದಿನದಿಂದ ಹೆಸರಿನ ಪುಸ್ತಕ ಓದ್ತಾ ಇದೀನಿ ಸಾರ್. ಯಾವ ಭಾಷೆ ತೆಗೆದರೂ ಬೆಳಕು, ಕಿರಣ, ಹೂವು. ಒಂದಕ್ಕೂ ಮುಖ ಇಲ್ಲ. ಇದಕ್ಕೆ ಮುಖ ಇದೆ." ಅವಳು ಅತ್ತೆಯನ್ನು ನೋಡಲಿಲ್ಲ. "ಸುಳ್ಳು ಅಂತ ಗೊತ್ತಿದ್ದೂ ದಿನಾ ಒರೆಸ್ತಿದ್ರಂತಲ್ಲ, ಆ ಮುಖ."

ಹೆಡ್ ಮಿಸ್ ಚೀಲದ ಬಾಯಿ ಮುಚ್ಚಲು ಹೋಗಿ ಹಾಗೇ ಕೈ ಇಟ್ಟುಕೊಂಡು ಕೂತರು. ಅಧಿಕಾರಿ ಗಂಟಲು ಸರಿಮಾಡಿಕೊಂಡರು. ಕಾಲಂ ಮಾಡಿದವರೇ ಅವರಾದ್ದರಿಂದ ಬಿಡುವಂತಿರಲಿಲ್ಲ.

"ಅರ್ಥದ ಕಾಲಂ ಖಾಲಿ ಬಿಡೋಕೆ ಬರಲ್ಲ."

"'ಅಜ್ಜಿ' ಅಂತ ಬರೀರಿ. ನಮ್ಮನೇಲಿ ಆ ಹೆಸರಿಗೆ ಅದೇ ಅರ್ಥ."

"ಭಾಷೆ?"

"ಮನೆ ಮಾತು."

ಅಧಿಕಾರಿ ಬರೆದರು. ಅಭ್ಯಾಸಬಲದಿಂದ ಅಳತೆಪಟ್ಟಿ ಇಟ್ಟೂ ನೋಡಿದರು; ಸರಿಯಾಗಿ ಹಿಡಿಸಿತ್ತು. ತಿಳಿದವರ ಸಹಿ ಎಂಬಲ್ಲಿಗೆ ಬಂದು ನನ್ನನ್ನು ನೋಡಿದರು.

"ಇದು ನನಗೆ ಖಂಡಿತ ಗೊತ್ತು ಸಾರ್" ಎಂದು ಫಾರಂ ಅನ್ನೇ ಪೆನ್ನಿನ ದಾರದ ಕಡೆ ಎಳೆದುಕೊಂಡು ಸಹಿ ಹಾಕಿದೆ. ಜೀವನದಲ್ಲಿ ನಾನು ತಡಮಾಡದೆ ಮಾಡಿದ ಕೆಲಸ ಅದೊಂದೇ ಇರಬೇಕು. ಹೊರಡುವಾಗ ಅಧಿಕಾರಿ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ, "ನನಗೂ ಒಂದು ಫಲಕ ಬೇಕಾಗಿತ್ತು. ಅರ್ಥ ಎಷ್ಟು ಇಂಚಿದ್ರೂ ಪರವಾಗಿಲ್ಲ" ಎಂದು ಮೆಲ್ಲಗೆ ಹೇಳಿದರು.

ಮರುದಿನ ಅಂಗಡಿಯ ಮುಂದೆ ಒಂದು ಕಾಗದ ಅಂಟಿಸಿದೆ. ನಾನು ಕೊಟ್ಟ ಅರ್ಥಗಳೆಲ್ಲ ಸುಳ್ಳು, ತಂದುಕೊಟ್ಟವರಿಗೆ ಹೊಸ ಫಲಕ ಮಾಡಿಕೊಡಲಾಗುವುದು ಎಂದು ಬರೆದಿದ್ದೆ. ಬೂದಿ, ಕಪ್ಪೆ ಮೊದಲಾದ ಎಂಟು ಜನ ಸಂತೋಷದಿಂದ ಬಂದು ಬದಲಾಯಿಸಿಕೊಂಡರು. ಉಳಿದವರು ಬರಲೇ ಇಲ್ಲ. ಹಲ್ಲಿನ ಡಾಕ್ಟರು ಕಾಗದ ಓದಿ, "ತಮಾಷೆ ಮಾಡಬೇಡಿ" ಎಂದು ಹೋದರು. ಹುಡುಗ ಹುಡುಗಿ ಮದುವೆಗೆ ಕರೆಯಲು ಬಂದರು. ಟೈಲರ್ ಎರಡು ದಿನ ಮುನಿಸಿಕೊಂಡಿದ್ದ. ಮೂರನೆಯ ದಿನ ಫಲಕ ಬಿಚ್ಚಿಕೊಂಡು ಬಂದ. ಅಕ್ಷರ ತೆಗೆಸಲು ತಂದನೆಂದುಕೊಂಡೆ. "ಹುಲಿ ಸ್ವಲ್ಪ ಮಾಸಿದೆ. ಇನ್ನೊಂದು ಸಲ ಆಳವಾಗಿ ಕೊರೆದುಕೊಡಿ" ಎಂದ.

ಅದಾದ ವಾರಕ್ಕೆ ಹೆಡ್ ಮಿಸ್ ಬಂದು ಒಂದು ಚೀಟಿ ಕೊಟ್ಟರು. ಅದರಲ್ಲಿ ನನ್ನ ಹೆಸರಿತ್ತು.

"ತಪ್ಪಾಗಿ ಬರೆದಿದೀರಿ ಮಿಸ್. ಇದು ನನ್ನ ಹೆಸರು."

"ಗೊತ್ತು. ಯಾವತ್ತು ಕೊಡ್ತೀರಿ?"

"ಸೋಮವಾರ" ಎಂದೆ. ಸೋಮವಾರ ಬಂದರು, ಮಂಗಳವಾರ ಬಂದರು, ಬುಧವಾರ ಬಂದರು. ಪ್ರತಿ ದಿನವೂ ಯಂತ್ರದ ಮುಂದೆ ಕೂತಿದ್ದೆ. ಊರಿನವರ ಹೆಸರನ್ನೆಲ್ಲ ಕೊರೆದ ಕೈ ಸ್ವಂತ ಹೆಸರಿನ ಮೊದಲ ಅಕ್ಷರದ ಮುಂದೆಯೇ ನಿಂತುಬಿಡುತ್ತಿತ್ತು. ಗುರುವಾರ ಅವರು ಇನ್ನೊಂದು ಮಡಿಸಿದ ಚೀಟಿಯನ್ನು ಮೇಜಿನ ಮೇಲಿಟ್ಟರು.

"ಇದು ಕೆಳಗೆ ಹಾಕಬೇಕಾದ್ದು. ನಿಮ್ಮ ಹೆಸರಿನ ಅರ್ಥ. ಮರಳುಗಾಡಿನ ಹಳೇ ಭಾಷೆ. ಹುಡುಕೋದಕ್ಕೆ ಮೂರು ದಿನ ಹಿಡೀತು" ಎಂದರು. ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಚೀಟಿ ಬಿಚ್ಚಿದೆ. ಕಾಪಿ ಪುಸ್ತಕದ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: "ತಡವಾದರೂ, ಮನಸ್ಸಿಗೆ ಬೇಕಾದದ್ದನ್ನು ತಂದುಕೊಡುವವನು."

ಅಳತೆಪಟ್ಟಿ ತೆಗೆದುಕೊಂಡು ಅಕ್ಷರ ಎಣಿಸಿದೆ.

"ಹತ್ತೂವರೆ ಇಂಚಾಗುತ್ತೆ ಮಿಸ್. ಫಲಕದಲ್ಲಿ ಹಿಡಿಸಲ್ಲ. ಸ್ವಲ್ಪ ಕಡಿಮೆ ಮಾಡಲಾ?"

"ಅರ್ಥಾನ ಕತ್ತರಿಸ್ಬೇಡಿ. ಹಿತ್ತಾಳೆ ಕತ್ತರಿಸಿ" ಎಂದು ಹೇಳಿ ಎದುರಿಗೆ ಚಹಾ ಕುಡಿಯಲು ಹೋದರು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ದೊಡ್ಡ ಹಾಳೆ ಕೆಳಗಿಳಿಸಿ ಹನ್ನೆರಡು ಇಂಚಿನ ತುಂಡು ಕತ್ತರಿಸಿದೆ. ಅವರು ಎರಡು ಕಪ್ ಚಹಾ ಹೆಚ್ಚಿಗೆ ಕುಡಿಯಬೇಕಾಯಿತು. ಈಗ ಅದು ನನ್ನ ಅಂಗಡಿಯ ಬಾಗಿಲ ಮೇಲಿದೆ. ಹೆಂಡತಿ ಬಂದು ನೋಡಿ, "ಹದಿನೆಂಟು ವರ್ಷ ದಾಟಿತು. ಅರ್ಥ ಸರಿಯಾಗೇ ಇದೆ" ಎಂದಳು.

ದಿನಾ ಬೆಳಗ್ಗೆ ಅಂಗಡಿ ತೆಗೆದು ಮೊದಲು ಅದನ್ನು ಒರೆಸುತ್ತೇನೆ. ಹೆಡ್ ಮಿಸ್‌ಗೆ ನಾನು ಬಾಯಿಬಿಟ್ಟು ಹೇಳದ ಉಪಕಾರವನ್ನು ಆಗ ನೆನೆಯುತ್ತೇನೆ. ಬೆರಳಿಗೆ ಎಲ್ಲೂ ಗೀರು ಸಿಗುವುದಿಲ್ಲ. ಇದೊಂದನ್ನು ನಾನು ನಿಧಾನವಾಗಿ ಕೊರೆದಿದ್ದೇನೆ.